ತಿದ್ದಿದ ತಾರೀಖು

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಆರು ತಿಂಗಳಾದ ಮೇಲೆ ತಂಗಿ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು.

ತಂಗಿ ಕಿಡ್ನಿ ಡಾಕ್ಟರು. ಹದಿನಾಲ್ಕು ವರ್ಷದಿಂದ ಒಂದೇ ಆಸ್ಪತ್ರೆಯ ಒಂದೇ ಮಹಡಿಯಲ್ಲಿ, ಹನ್ನೆರಡು ಡಯಾಲಿಸಿಸ್ ಯಂತ್ರಗಳ ನಡುವೆ ಓಡಾಡಿಕೊಂಡಿದ್ದವಳು. ಅಕ್ಕ ಅವಳಿಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ. ಅಪ್ಪ ಅಮ್ಮ ಬೇಗ ಹೋದರು. ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದರಿಂದ ಹಿಡಿದು ಮೆಡಿಕಲ್ ಓದುವಾಗ ಎದುರಿಗೆ ಕೂತು ಪಾಠ ಒಪ್ಪಿಸಿಕೊಂಡದ್ದರವರೆಗೆ ಎಲ್ಲ ಅಕ್ಕನೇ. ನಲವತ್ಮೂರು ವರ್ಷದ ತಂಗಿಯನ್ನು ಅವಳು ಇವತ್ತಿಗೂ ಕರೆಯುವುದು ಮರಿ ಎಂದೇ, ಅದೂ ನರ್ಸುಗಳೆಲ್ಲರ ಎದುರಿಗೆ.

ಫೆಲೋಶಿಪ್ ಒಂದು ವರ್ಷದ್ದು, ಪೂರ್ತಿ ಆನ್‌ಲೈನ್. ಕಿಡ್ನಿ ಡಾಕ್ಟರುಗಳಿಗೆ ಮಾತ್ರ. ಅದರಲ್ಲಿ ಕಲಿಸುವುದೂ ಒಂದೇ ಜಾತಿಯ ಕಾಯಿಲೆಗಳನ್ನು, ಗ್ಲೋಮೆರುಲಸ್ಸಿಗೆ ಬರುವಂಥವನ್ನು. ಗ್ಲೋಮೆರುಲಸ್ ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳ ಉಂಡೆ, ರಕ್ತ ಸೋಸುವ ಜರಡಿ. ಒಂದೊಂದು ಕಿಡ್ನಿಯಲ್ಲಿ ಹತ್ತು ಲಕ್ಷದಷ್ಟಿರುತ್ತವೆ. ಅಕ್ಕನಿಗೆ ಕೆಟ್ಟಿದ್ದು ಅವೇ. ಅರ್ಜಿಯಲ್ಲಿ ‘ಈ ಕೋರ್ಸು ನಿಮಗೆ ಏಕೆ ಬೇಕು? ಇನ್ನೂರು ಪದಗಳಲ್ಲಿ ಬರೆಯಿರಿ’ ಎಂದಿತ್ತು. ತಂಗಿ ಬಹಳ ಹೊತ್ತು ಕೂತು, ಕಾಯಿಲೆಯನ್ನು ಬೇಗ ಗುರುತಿಸುವುದನ್ನು ಕಲಿಯಬೇಕು ಎಂದು ಒಂದೇ ಸಾಲು ಬರೆದು ಕಳಿಸಿದಳು. ಸೀಟು ಸಿಕ್ಕಿತು. ಅವಳ ವಿಭಾಗದ ಹಿರಿಯ ಡಾಕ್ಟರು, ಈ ವಯಸ್ಸಿನಲ್ಲಿ ಮತ್ತೆ ಬ್ಯಾಗು ಹಾಕಿಕೊಂಡು ಹೊರಟೆಯಲ್ಲಮ್ಮ ಎಂದು ನಕ್ಕರು. ಅವಳೂ ನಕ್ಕಳು. ಖುಷಿಯೇನೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಮುಟ್ಟಿಕೊಂಡರೆ ಯಾರದ್ದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಆರು ತಿಂಗಳಿಂದ ಅವಳಿಗೆ ಎಲ್ಲವೂ ಹಾಗೇ ಇತ್ತು.

ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಕ್ಲಾಸು. ಮನೆಗೆ ಹೋಗಿ ಬರಲು ಸಮಯವಿಲ್ಲದ್ದರಿಂದ ಡಯಾಲಿಸಿಸ್ ವಿಭಾಗದ ಸ್ಟೋರ್ ರೂಮಿನಲ್ಲಿ, ಔಷಧದ ನೀರಿನ ಕ್ಯಾನುಗಳ ರಟ್ಟಿನ ಪೆಟ್ಟಿಗೆಗಳನ್ನು ಎದೆಮಟ್ಟ ಜೋಡಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತಿದ್ದಳು. ಗೋಡೆಯಾಚೆ ನೀರು ಶುದ್ಧ ಮಾಡುವ ಯಂತ್ರದ ಗುಂಯ್ ಸದ್ದು. ಅದನ್ನು ನೋಡಿಕೊಳ್ಳುವ ಟೆಕ್ನಿಷಿಯನ್ನಿಗೆ ಎಲ್ಲರೂ ನೀರಾವರಿ ಎಂದೇ ಹೆಸರಿಟ್ಟಿದ್ದರು. ಅವನು ಕ್ಲಾಸಿನ ಹೊತ್ತಿಗೆ ಬಾಗಿಲಿಗೆ ‘ಪಾಠ ನಡೆಯುತ್ತಿದೆ, ಗಲಾಟೆ ಮಾಡಬೇಡಿ’ ಎಂದು ಕಾಗದ ಅಂಟಿಸಿ, ತಾನೇ ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದ.

ಪರದೆಯ ಮೇಲೆ ಇಪ್ಪತ್ತನಾಲ್ಕು ಚೌಕ, ಇಪ್ಪತ್ತನಾಲ್ಕು ಮುಖ. ಕೆಲವರ ಕಿಟಕಿಯಲ್ಲಿ ಬೆಳಗಿನ ಬಿಸಿಲು, ಕೆಲವರಲ್ಲಿ ಸಂಜೆ. ಕಲಿಸುವವರಲ್ಲಿ ಮುಖ್ಯವಾದವಳು ಎಪ್ಪತ್ತು ದಾಟಿದ ಪೆಥಾಲಜಿಸ್ಟ್, ಬಿಳಿಗೂದಲಿನ ಹೆಂಗಸು. ಕಿಡ್ನಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಹೇಳುವುದು ಅವಳ ಐವತ್ತು ವರ್ಷದ ಕಸುಬು. ವಿದ್ಯಾರ್ಥಿಗಳು ಅವಳಿಗೆ ಸ್ಲೈಡಜ್ಜಿ ಎನ್ನುತ್ತಿದ್ದರು. ಹೊಗಳುವುದು, ಬೈಯುವುದು ಎರಡೂ ಅವಳಿಗೆ ಗೊತ್ತಿರಲಿಲ್ಲ. ಸ್ಲೈಡನ್ನು ದೊಡ್ಡದು ಮಾಡಿ, ಏನು ಕಾಣುತ್ತದೆ ಎಂದು ಕೇಳುವಳು. ಯಾರಾದರೂ ಕಾಯಿಲೆಯ ಹೆಸರು ಹೇಳಿದರೆ, ಹೆಸರು ಕೇಳಲಿಲ್ಲ, ಕಾಣುವುದನ್ನು ಹೇಳಿ ಎನ್ನುವಳು. ತಂಗಿಗೆ ಈ ಎರಡು ಗಂಟೆ ಹಿತವೆನ್ನಿಸುತ್ತಿತ್ತು. ಗುಲಾಬಿ, ನೇರಳೆ ಬಣ್ಣದ ಆ ಉಂಡೆಗಳು ಯಾರವೂ ಅಲ್ಲ. ಅವುಗಳಿಗೆ ಅಕ್ಕ ಇಲ್ಲ, ತಂಗಿ ಇಲ್ಲ.

ಅಕ್ಕ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಏಳಕ್ಕೆ ಡಯಾಲಿಸಿಸ್ಸಿಗೆ ಬರುತ್ತಿದ್ದಳು, ಏಳನೇ ಮಂಚಕ್ಕೆ. ಎಡಗೈಗೆ ಎರಡು ಸೂಜಿ, ನಾಲ್ಕು ಗಂಟೆ ಅಲುಗಾಡುವಂತಿಲ್ಲ. ಬಲಗೈಯಲ್ಲಿ ಪೆನ್ನು ಹಿಡಿದು, ಹೊಟ್ಟೆಯ ಮೇಲೆ ರಟ್ಟು ಇಟ್ಟುಕೊಂಡು ಪ್ರೂಫ್ ತಿದ್ದುವಳು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ, ಉಪ್ಪಂತೂ ಬಿಟ್ಟೇಬಿಟ್ಟಿದ್ದಾಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ, ನನಗೆ ಎರಡೂ ಇಲ್ಲ, ನಾನು ಯಾವ ಗಾದೆಗೂ ಸೇರದವಳು ಎಂದು ಪಕ್ಕದ ಮಂಚದವರನ್ನು ನಗಿಸುತ್ತಿದ್ದಳು. ಭಾವ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಹೆಂಡತಿಯನ್ನು ಬಿಟ್ಟು ಹೋಗುವಾಗ, ಮನೆಯಲ್ಲೇ ಕಿಡ್ನಿ ಡಾಕ್ಟರಿದ್ದೂ ಹೀಗಾಯಿತಲ್ಲ, ಹಣೆಬರಹ ಎಂದು ಒಮ್ಮೆ ಅಂದಿದ್ದ. ಕುಟುಕಬೇಕೆಂದು ಅಂದದ್ದಲ್ಲ. ತಂಗಿ ಹೌದು ಭಾವ ಎಂದಿದ್ದಳು.

ನಡೆದದ್ದು ಇಷ್ಟು. ಹಿಂದಿನ ವರ್ಷ ಜನವರಿಯ ಒಂದು ಭಾನುವಾರ ತಂಗಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಳು. ಒಂದೂವರೆ ದಿನ ಸತತ ಡ್ಯೂಟಿ ಮಾಡಿ ಬಂದವಳು ಸೋಫಾದಲ್ಲಿ ಒರಗಿ ತೂಕಡಿಸುತ್ತಿದ್ದಳು. ಅಕ್ಕ ಬಂದು ಪಕ್ಕದಲ್ಲಿ ಕೂತು ಪಾದ ಚಾಚಿ, ಯಾಕೋ ಕಾಲು ಊದಿಕೊಂಡಿದೆ, ಮೂತ್ರದಲ್ಲೂ ಸೋಪಿನ ಹಾಗೆ ನೊರೆ ಬರುತ್ತದೆ ಎಂದಳು. ತಂಗಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು, ನಿಧಾನವಾಗಿ ತುಂಬಿಕೊಂಡಿತು. ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತೀಯ, ಉಪ್ಪು ಕಡಿಮೆ ಮಾಡು, ಸಂಜೆ ಸ್ವಲ್ಪ ನಡೆ ಎಂದು ಹೇಳಿ ನಿದ್ದೆ ಹೋದಳು. ಬೇರೆ ಯಾರ ಕಾಲಾದರೂ ಆಗಿದ್ದರೆ ಅರೆನಿದ್ದೆಯಲ್ಲೂ ಮೂತ್ರ ಪರೀಕ್ಷೆ ಬರೆಯುತ್ತಿದ್ದಳು. ಅಕ್ಕ ಉಪ್ಪು ಕಡಿಮೆ ಮಾಡಿದಳು. ಸಂಜೆ ನಡೆದಳು. ಡಾಕ್ಟರ್ ತಂಗಿ ನೋಡಿದ್ದಾಳೆ ಎಂದು ಬೇರೆ ಎಲ್ಲೂ ತೋರಿಸಲಿಲ್ಲ. ಮಾರ್ಚಿನಲ್ಲಿ ವಾಂತಿ ಮಾಡಿಕೊಂಡು ಪ್ರೆಸ್ಸಿನಲ್ಲೇ ಕುಸಿದು ಬಿದ್ದಾಗ ಕಿಡ್ನಿಯ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲೂ ಉಳಿದಿರಲಿಲ್ಲ. ಏನೇನೋ ಔಷಧಿ ಕೊಟ್ಟರು, ರಕ್ತದ ದ್ರವ ಬದಲಿಸಿದರು, ಕಿಡ್ನಿ ಮರಳಿ ಬರಲಿಲ್ಲ. ಆಗ ವಾರ್ಡಿನಲ್ಲಿ ಅಕ್ಕನ ಕೈ ಹಿಡಿದು ತಂಗಿ ಹೇಳಿದ್ದಳು: ಈ ಕಾಯಿಲೆ ಕಳ್ಳನ ಹಾಗೆ ಬರುತ್ತೆ ಅಕ್ಕ, ಯಾರಿಗೂ ಗೊತ್ತಾಗಲ್ಲ. ಅಕ್ಕ ನಂಬಿದಳು. ತಂಗಿಗೆ ಆವತ್ತಿನಿಂದ ಮೈಮನಸ್ಸು ಮರಗಟ್ಟಿತು.

ಕೋರ್ಸಿನಲ್ಲಿ ಪ್ರತಿಯೊಬ್ಬರೂ ಒಂದು ಕೇಸು ಮಂಡಿಸಬೇಕಿತ್ತು. ತಂಗಿಯ ಸರದಿ ಎಂಟನೇ ತಿಂಗಳಲ್ಲಿ. ಅವಳು ಆರಿಸಿದ್ದು ಗ್ಯಾರೇಜು ಮೆಕ್ಯಾನಿಕ್ ಒಬ್ಬನ ಕೇಸು. ಆದರೆ ಆತ ನನ್ನ ವಿಷಯ ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ ಎಂದು ಕೊನೆಗಳಿಗೆಯಲ್ಲಿ ಒಪ್ಪಿಗೆ ಹಿಂದೆಗೆದುಕೊಂಡ. ಉಳಿದದ್ದು ಹತ್ತು ದಿನ. ಸ್ಲೈಡುಗಳನ್ನು ಕಂಪ್ಯೂಟರಿಗೆ ಏರಿಸಿ ಸಿದ್ಧವಾಗಿದ್ದ ಇನ್ನೊಂದೇ ಕೇಸು ಅಕ್ಕನದು. ಬೇರೆ ದಾರಿಯಿರಲಿಲ್ಲ ಎಂದು ತಂಗಿ ತನಗೆ ತಾನೇ ಹೇಳಿಕೊಂಡಳು. ಸ್ಲೈಡಜ್ಜಿಗೆ ಬರೆದು ಇನ್ನೆರಡು ವಾರ ಕೇಳಬಹುದಿತ್ತು. ಕೇಳಲಿಲ್ಲ.

ಕೋರ್ಸಿನ ನಿಯಮವೊಂದಿತ್ತು. ಕೇಸಿನ ಸಾರಾಂಶವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟು, ಅವರು ಓದಿದ ಮೇಲೆಯೇ ಸಹಿ ಹಾಕಿಸಿಕೊಳ್ಳಬೇಕು. ತಂಗಿ ಒಂದೂವರೆ ಪುಟ ಬರೆದಳು. ‘ಐವತ್ತೊಂದು ವರ್ಷದ ಮಹಿಳೆ. ಮಾರ್ಚ್ ಮೊದಲ ವಾರದಿಂದ ಕಾಲು ಊತ, ಸುಸ್ತು, ವಾಂತಿ’ ಎಂದು ಶುರುವಾಗುತ್ತಿತ್ತು. ಮಾರ್ಚ್ ಎಂದೇ ಬರೆದಳು. ಆಸ್ಪತ್ರೆಯ ಕಡತದಲ್ಲೂ ಹಾಗೇ ಇತ್ತು, ಕಡತ ಬರೆದವಳೂ ಅವಳೇ.

ಬುಧವಾರ ಬೆಳಗ್ಗೆ ಅಕ್ಕನ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಕಾಗದ ಕೊಟ್ಟಳು. ನನ್ನ ಕಥೆ ಅಷ್ಟು ದೊಡ್ಡವರಿಗೆಲ್ಲ ಪಾಠವಾಗುತ್ತಾ ಎಂದು ಅಕ್ಕನಿಗೆ ಹೆಮ್ಮೆಯೇ ಆಯಿತು. ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದಳು. ಒಂದು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು, ಸೇರಿಸಿದಳು. ಒಂದು ಅಲ್ಪವಿರಾಮ ತೆಗೆದಳು. ಡಾಕ್ಟರುಗಳಿಗೆ ಮಹಾಪ್ರಾಣ ಅಂದರೆ ಅಷ್ಟಕ್ಕಷ್ಟೇ ಎಂದು ಗೊಣಗಿದಳು. ಆಮೇಲೆ ಮತ್ತೆ ಮೊದಲ ಸಾಲಿಗೆ ಬಂದು ನಿಂತಳು.

"ಇಲ್ಲಿ ತಾರೀಖು ತಪ್ಪಾಗಿದೆ."

"ಯಾವುದು?"

"ಊತ ಮಾರ್ಚಲ್ಲಿ ಅಲ್ಲ. ಜನವರಿ. ನಿಂಗೇ ತೋರಿಸಿದ್ನಲ್ಲ, ಊಟಕ್ಕೆ ಬಂದಿದ್ದಾಗ."

ತಂಗಿ ಕಣ್ಣು ತಿರುಗಿಸಿದಳು. ಯಂತ್ರದಲ್ಲಿ ಅಕ್ಕನ ರಕ್ತ ಸುತ್ತುತ್ತಿತ್ತು. ಅಕ್ಕ ಅವಳ ಮುಖ ನೋಡಿದಳು. ಮೂವತ್ತು ವರ್ಷ ಅಚ್ಚಿನ ತಪ್ಪು ಹುಡುಕಿದ ಕಣ್ಣು ಅದು.

"ಮರೆತಿದ್ಯಾ?"

"ಇಲ್ಲ."

"ಮತ್ತೆ? ತಾರೀಖು ಅಷ್ಟು ಮುಖ್ಯಾನಾ?"

"ಹೂಂ. ಅವತ್ತೇ ಮೂತ್ರ ಟೆಸ್ಟ್ ಮಾಡಿಸಿದ್ರೆ ಗೊತ್ತಾಗ್ತಿತ್ತು."

"ಗೊತ್ತಾಗಿದ್ರೆ?"

"ಔಷಧಿ ಶುರು ಮಾಡ್ತಿದ್ವಿ. ಇದೆಲ್ಲ ಬೇಕಾಗ್ತಿರಲಿಲ್ಲ. ಬಹುಶಃ."

"ಬಹುಶಃ ಅಂದ್ರೆ ಎಷ್ಟು?"

"ಅರ್ಧಕ್ಕಿಂತ ಜಾಸ್ತಿ."

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು.

"ಕಳ್ಳನ ಹಾಗೆ ಬರುತ್ತೆ ಅಂದಿದ್ದೆ ನೀನು."

"ಹೌದು."

"ಕದ್ದು ಎಲ್ಲಿ ಬಂತು, ಮರಿ? ನಾನೇ ಕಾಲು ಚಾಚಿ ತೋರಿಸಿದ್ನಲ್ಲ."

ಅಷ್ಟು ಹೇಳಿ ಅವಳು ಮಾರ್ಚ್ ಎಂಬುದನ್ನು ಹೊಡೆದುಹಾಕಿ, ಮೇಲೆ ಜನವರಿ ಎಂದು ದುಂಡಗೆ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಮನೆಯಲ್ಲೇ ಒಬ್ಬ ಡಾಕ್ಟರಿಗೆ ತೋರಿಸಲಾಗಿತ್ತು.’ ಕೊನೆಯಲ್ಲಿ ಸಹಿ ಹಾಕಿ, ಕಾಗದವನ್ನು ಮಂಚದ ಅಂಚಿಗೆ ಸರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಎರಡೂವರೆ ಗಂಟೆ ಬಾಕಿಯಿತ್ತು. ಎದ್ದು ಹೋಗುವಂತಿರಲಿಲ್ಲ ಅವಳಿಗೆ. ತಂಗಿ ಎದ್ದು ಎಂಟನೇ ಮಂಚಕ್ಕೆ ಹೋಗಿ ಅಲ್ಲಿದ್ದ ಮುದುಕರ ರಕ್ತದೊತ್ತಡ ನೋಡಿದಳು. ನೂರನಲವತ್ತಕ್ಕೆ ತೊಂಬತ್ತು. ಬರೆದಳು.

ಶುಕ್ರವಾರ ಅಕ್ಕ ಬೆಳಗ್ಗೆ ಬರಲಿಲ್ಲ. ಮಧ್ಯಾಹ್ನದ ಪಾಳಿಗೆ ಬದಲಿಸಿಕೊಂಡಿದ್ದಾರೆ ಮೇಡಂ, ಪ್ರೆಸ್ಸಿನ ಕೆಲಸಕ್ಕೆ ಅನುಕೂಲವಂತೆ ಎಂದು ನೀರಾವರಿ ಹೇಳಿದ. ಮಧ್ಯಾಹ್ನದ ಪಾಳಿ ನೋಡಿಕೊಳ್ಳುವುದು ಹಿರಿಯ ಡಾಕ್ಟರು. ಭಾನುವಾರ ತಂಗಿ ಫೋನ್ ಮಾಡಿದರೆ ಭಾವ ಎತ್ತಿ, ಮಲಗಿದ್ದಾಳೆ ಎಂದ. ಅದರ ಮುಂದಿನ ಭಾನುವಾರವೂ ಮಲಗಿದ್ದಾಳೆ ಎಂದ. ಸುಳ್ಳು ಹೇಳಲು ಬಾರದ ಮನುಷ್ಯ, ಮೂರನೇ ವಾರ ಫೋನ್ ಎತ್ತಲಿಲ್ಲ.

ಆ ಮೊದಲ ಭಾನುವಾರ ಕಳೆದು ಬಂದ ಮಂಗಳವಾರವೇ ಅವಳ ಸರದಿಯಿತ್ತು. ತಂಗಿ ಪೆಟ್ಟಿಗೆಗಳ ಮುಂದೆ ನಿಂತು ಕೇಸು ಮಂಡಿಸಿದಳು. ಜನವರಿಯಿಂದಲೇ ಶುರುಮಾಡಿದಳು. ಅಕ್ಕ ಬರೆದ ಸಾಲನ್ನೂ ಓದಿದಳು, ಅದಕ್ಕೆ ಮೂತ್ರ ಪರೀಕ್ಷೆ ಮಾಡಲಿಲ್ಲ ಎಂದು ಸೇರಿಸಿದಳು. ತರಗತಿಯಲ್ಲಿ ಒಬ್ಬ ಹುರುಪಿನ ಡಾಕ್ಟರಿದ್ದ. ಮಾತೆತ್ತಿದರೆ ಪ್ರಶ್ನೆ ಕೇಳುತ್ತಾನೆಂದು ಎಲ್ಲರೂ ಅವನಿಗೆ ಪ್ರಶ್ನೆಪತ್ರಿಕೆ ಎನ್ನುತ್ತಿದ್ದರು. ಅವನು ಕೈ ಎತ್ತಿದ.

"ಆ ಮನೆ ಡಾಕ್ಟರು ಯಾವ ಡಾಕ್ಟರು? ಹಲ್ಲಿನವರಾ, ಕಣ್ಣಿನವರಾ?"

ಕೆಲವು ಚೌಕಗಳಲ್ಲಿ ನಗು ಕಾಣಿಸಿತು.

"ಕಿಡ್ನಿ ಡಾಕ್ಟರು," ತಂಗಿ ಹೇಳಿದಳು. "ನಾನೇ. ರೋಗಿ ನನ್ನ ಅಕ್ಕ."

ನಗುತ್ತಿದ್ದವರ ಮುಖ ಅರ್ಧಕ್ಕೇ ನಿಂತಿತು. ಯಾರೋ ಕ್ಯಾಮೆರಾ ಆರಿಸಿದರು. ಪ್ರಶ್ನೆಪತ್ರಿಕೆ ಕ್ಷಮಿಸಿ ಎನ್ನುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು, ದನಿ ಬರಲಿಲ್ಲ, ಮೈಕ್ ಮುಚ್ಚಿಕೊಂಡಿದ್ದ. ತಂಗಿ ಕಾದಳು. ನೆಲ ಬಿರಿಯಬೇಕಿತ್ತು ಎನ್ನಿಸುವಂಥದ್ದೇನೂ ಆಗಲಿಲ್ಲ. ಹಿಮ್ಮಡಿ ನೋಯುತ್ತಿತ್ತು, ಅಷ್ಟೇ. ಗೋಡೆಯಾಚೆ ನೀರಾವರಿ ಯಾರಿಗೋ ಪೈಪು ಬಿಗಿ ಮಾಡಲು ಹೇಳುತ್ತಿದ್ದ.

ಸ್ಲೈಡಜ್ಜಿ ಅವಳಿಗೆ ಸಮಾಧಾನ ಹೇಳಲಿಲ್ಲ. ಸ್ಲೈಡನ್ನು ದೊಡ್ಡದು ಮಾಡಿ, ಏನು ಕಾಣುತ್ತದೆ ಎಂದು ತಂಗಿಯನ್ನೇ ಕೇಳಿದಳು. ತಂಗಿ ಹೇಳತೊಡಗಿದಳು. ಒಟ್ಟು ಇಪ್ಪತ್ತೆರಡು ಉಂಡೆ. ಹತ್ತೊಂಬತ್ತರಲ್ಲಿ ಸುತ್ತಲೂ ಅರ್ಧಚಂದ್ರದ ಹಾಗೆ ಜೀವಕೋಶಗಳು ಬೆಳೆದು ಉಂಡೆಯನ್ನು ಅದುಮಿ ಹಾಕಿವೆ. ಅವುಗಳಲ್ಲಿ ಹನ್ನೊಂದು ಹಳೆಯವು, ನಾರುಗಟ್ಟಿ ಗಾಯದ ಕಲೆಯಂತಾಗಿವೆ. ಎಂಟು ಹೊಸವು.

"ಹಳೇವು ಎಷ್ಟು ಹಳೇವು?" ಸ್ಲೈಡಜ್ಜಿ ಕೇಳಿದಳು.

"ಆರು ವಾರ, ಎಂಟು ವಾರ."

"ಅಂದ್ರೆ ಜನವರಿಯಲ್ಲಿ?"

"ಜನವರಿಯಲ್ಲಿ ಹೆಚ್ಚಿನವು ಬದುಕಿದ್ದವು."

"ಇದ್ದಿರಬಹುದು. ಸ್ಲೈಡ್ ಮಾರ್ಚಿಂದು, ಅದು ಜನವರಿ ತೋರಿಸಲ್ಲ. ಕಾಣೋದನ್ನ ಮಾತ್ರ ಹೇಳಿ." ಆಮೇಲೆ ಅವಳು ಉಳಿದವರಿಗೆ ಹೇಳಿದಳು. "ನಿಮ್ಮನೆಯವರ ಕಾಲು ಊದಿದ್ರೆ ನೀವು ಡಾಕ್ಟರಲ್ಲ. ಬೇರೆ ಡಾಕ್ಟರ್ ಹತ್ರ ಕಳಿಸಿ. ಬರ್ಕೊಳ್ಳಿ."

ಇಪ್ಪತ್ಮೂರು ಜನ ಬರೆದುಕೊಂಡರು. ಆಮೇಲೆ ಔಷಧಿಯ ಪ್ರಮಾಣದ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು, ತಂಗಿ ಎಲ್ಲಕ್ಕೂ ಉತ್ತರ ಹೇಳಿದಳು. ಸಂಜೆ ಸ್ಲೈಡಜ್ಜಿಯಿಂದ ಮೇಲ್ ಬಂತು. ಮುಂದಿನ ವಾರದ ಆರು ಸ್ಲೈಡು ಲಗತ್ತಿಸಿದ್ದೇನೆ, ನೋಡಿಕೊಂಡು ಬನ್ನಿ, ತಪ್ಪಿಸಬೇಡಿ ಎಂದಿತ್ತು. ತಂಗಿ ತಪ್ಪಿಸಲಿಲ್ಲ.

ಆಮೇಲಿನ ನಾಲ್ಕು ತಿಂಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅವಳು ಕೆಲಸ ಮಾಡಿದಳು, ಓದಿದಳು, ಅಡಿಗೆ ಮಾಡುವುದನ್ನು ಮರೆತಳು. ಅವಳ ಮದುವೆ ಮುರಿದು ಆರು ವರ್ಷವಾಗಿತ್ತು, ಮನೆಯಲ್ಲಿ ಊಟ ಮಾಡಿದೆಯಾ ಎಂದು ಕೇಳುವವರಿರಲಿಲ್ಲ. ಆಸ್ಪತ್ರೆಯ ಕಡತದಲ್ಲಿ ತಾರೀಖು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಹಿರಿಯ ಡಾಕ್ಟರಿಗೆ ಒಯ್ದು ತೋರಿಸಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿ, ಸರಿ ಇಡು ಎಂದರು. ಮೂತ್ರ ಪರೀಕ್ಷೆಯ ಪಟ್ಟಿಗಳ ಡಬ್ಬಿ ಅವಳ ಕೋಟಿನ ಜೇಬಿನಲ್ಲೇ ಇರುತ್ತಿತ್ತು. ಬಾವು ಕಂಡರೆ ಸಾಕು, ಒಂದು ಕಪ್ ಕೈಗೆ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದಳು. ಒಮ್ಮೆ ನೀರಾವರಿಯ ಪಾದ ಊದಿದ್ದು ಕಂಡು ಅವನನ್ನೂ ಕಳಿಸಿದಳು. ಹೊಸ ಬೂಟು ಮೇಡಂ, ಕಚ್ಚುತ್ತೆ ಎಂದು ಅವನು ಗೋಗರೆದರೂ ಬಿಡಲಿಲ್ಲ. ಅವನಿಗೆ ಬೂಟೇ ಕಚ್ಚಿತ್ತು. ಆದರೆ ಶಾಲಾ ಬಸ್ಸು ಓಡಿಸುವ ಹೆಂಗಸೊಬ್ಬಳಿಗೆ ಕಾಯಿಲೆ ಸಿಕ್ಕಿತು, ಎರಡೇ ವಾರ ಹಳೆಯದು. ಔಷಧಿ ಹಿಡಿಯಿತು. ಆಕೆ ಮತ್ತೆ ಬಸ್ಸು ಓಡಿಸತೊಡಗಿದಳು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ತಂಗಿ ಆಕೆಯ ರಿಪೋರ್ಟಿನ ಅಂಕಿಗಳನ್ನು ಎರಡು ಸಲ ನೋಡಿ, ಸರಿಯಾಗಿವೆ ಎಂದು ಕಡತ ಮುಚ್ಚಿದಳು.

ಸೆಪ್ಟೆಂಬರಿನಲ್ಲಿ ಕೊನೆಯ ಪರೀಕ್ಷೆಯಾಯಿತು, ಪಾಸಾದಳು. ಪ್ರಮಾಣಪತ್ರ ಮೇಲ್‌ನಲ್ಲಿ ಬಂತು. ನೀರಾವರಿ ಅದನ್ನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಸ್ಟೋರ್ ರೂಮಿನ ಗೋಡೆಗೆ ಮೊಳೆ ಹೊಡೆದ. ಅದೇ ವಾರ ಫೋನ್ ಬಂತು, ಅಕ್ಕನದು.

"ಎಂಟನೇ ಕ್ಲಾಸಿನ ವಿಜ್ಞಾನದ ಪ್ರೂಫ್ ಬಂದಿದೆ," ಅಕ್ಕ ಹೇಳಿದಳು. "ಕಿಡ್ನಿ ಪಾಠದಲ್ಲಿ ಏನೋ ತಪ್ಪಿದೆ ಅನ್ಸುತ್ತೆ. ಬಂದು ನೋಡ್ತೀಯಾ?"

ಶನಿವಾರ ಮಧ್ಯಾಹ್ನ ಹೋದಳು. ಬಾಗಿಲು ತೆರೆದ ಭಾವ, ಬಾ ಎಂದಷ್ಟೇ ಹೇಳಿ, ಟೂಲ್‌ಬಾಕ್ಸ್ ಎತ್ತಿಕೊಂಡು ಯಾವುದೋ ಲಿಫ್ಟು ಕೆಟ್ಟಿದೆಯೆಂದು ಹೊರಟುಹೋದ. ಅಕ್ಕ ಊಟದ ಮೇಜಿನ ಮೇಲೆ ಪ್ರೂಫಿನ ಹಾಳೆಗಳನ್ನು ಹರಡಿಕೊಂಡಿದ್ದಳು. ಇನ್ನೂ ಸೊರಗಿದ್ದಳು, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಎಡಗೈಯ ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು. ತಂಗಿ ಎದುರಿನ ಕುರ್ಚಿಯಲ್ಲಿ ಕೂತಳು. ಅಕ್ಕ ಹಾಳೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟಳು. ‘ಮೂತ್ರಪಿಂಡದ ಕಾಯಿಲೆಗಳು ಆರಂಭದಲ್ಲಿಯೇ ತೀವ್ರ ನೋವಿನಿಂದ ತಿಳಿದುಬರುತ್ತವೆ.’

"ನಂಗೆ ಎಲ್ಲೂ ನೋವಾಗಿರಲಿಲ್ಲ," ಅಕ್ಕ ಹೇಳಿದಳು.

"ಆಗಲ್ಲ. ಇದು ತಪ್ಪು."

"ಮತ್ತೆ ಏನಂತ ಬರೀಬೇಕು? ಪ್ರೂಫ್ ನೋಡೋರು ಬರೆಯೋ ಹಾಗಿಲ್ಲ. ಅಂಚಿನಲ್ಲಿ ಪ್ರಶ್ನೆ ಹಾಕಬಹುದು. ನೀನು ಹೇಳು, ಹಾಕ್ತೀನಿ."

ತಂಗಿ ಹೇಳಿದಳು. ಹೆಚ್ಚಿನ ಸಲ ನೋವಿರುವುದಿಲ್ಲ, ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ಮೂತ್ರ ಪರೀಕ್ಷೆ ಮಾಡಿಸಬೇಕು ಎಂದು. ಅಕ್ಕ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ತಲೆ ಎತ್ತದೆ ಮಾತಾಡಿದಳು.

"ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಲ್ಲ. ಇದೆ. ಬೆಳಗ್ಗೆ ಎದ್ದ ಕೂಡ್ಲೇ ಇರುತ್ತೆ. ಸೂಜಿ ಚುಚ್ಚುವಾಗಂತೂ ಜಾಸ್ತಿ ಇರುತ್ತೆ."

"ಹೂಂ."

"ಮರೆತು ಹೋಗಿದ್ರೆ, ನಿದ್ದೆಗಣ್ಣಲ್ಲಿ ಹಾಗಾಯ್ತು ಅಂದಿದ್ರೆ, ಅವತ್ತೇ ಬಿಟ್ಟುಬಿಡ್ತಿದ್ದೆ. ಆದ್ರೆ ನೀನು ಮಾರ್ಚ್ ಅಂತ ಬರೆದಿದ್ದೆ ನೋಡು, ಅದು."

"ಗೊತ್ತು. ಕ್ಲಾಸಲ್ಲಿ ಜನವರಿ ಅಂತಲೇ ಹೇಳ್ದೆ. ನಾನೇ ಆ ಡಾಕ್ಟರು ಅಂತಾನೂ ಹೇಳ್ದೆ. ಫೈಲಲ್ಲೂ ತಿದ್ದಿದೀನಿ."

"ಫೈಲು ನೋಡಿದೆ. ನಿಮ್ಮ ಹಿರಿಯ ಡಾಕ್ಟರ್ ತೋರಿಸಿದ್ರು." ಅಕ್ಕ ಹಾಳೆ ಮಗುಚಿದಳು. "ಸಿಟ್ಟು ಇರೋ ತನಕ ಇರ್ಲಿ. ಅದಕ್ಕೋಸ್ಕರ ಇನ್ನೊಬ್ಬ ತಂಗೀನ ಎಲ್ಲಿಂದ ತರ್ಲಿ?"

ತಂಗಿಗೆ ಅಳು ಬರುತ್ತದೇನೋ ಎನ್ನಿಸಿತು. ಕಾದು ನೋಡಿದಳು, ಬರಲಿಲ್ಲ. ಅಕ್ಕನೂ ಅದನ್ನು ಎದುರು ನೋಡಿದಂತಿರಲಿಲ್ಲ. ಮೂಲ ಪ್ರತಿಯ ಕಟ್ಟನ್ನು ತಂಗಿಯ ಕಡೆ ತಳ್ಳಿ, ಪ್ರೆಸ್ಸಿನಲ್ಲಿ ಜೋರಾಗಿ ಓದಿಹೇಳುವವಳು ರಜೆಯ ಮೇಲೆ ಹೋಗಿದ್ದಾಳೆ, ನೀನೇ ಓದು, ಚಿಹ್ನೆಗಳನ್ನೂ ಬಿಡದೆ ಓದಬೇಕು, ಅವಸರ ಮಾಡಬೇಡ ಎಂದಳು.

ತಂಗಿ ಓದಿದಳು. "ಮೂತ್ರಪಿಂಡಗಳು ನಮ್ಮ ಬೆನ್ನಿನ ಭಾಗದಲ್ಲಿ ಅಲ್ಪವಿರಾಮ ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ ಇರುತ್ತವೆ ಪೂರ್ಣವಿರಾಮ." ಅಕ್ಕನ ಪೆನ್ನು ಸಾಲಿನ ಕೆಳಗೆ ಹಿಂಬಾಲಿಸುತ್ತಿತ್ತು. ಕಿಡ್ನಿಯ ಪಾಠ ಐದು ಪುಟವಿತ್ತು. ಅದು ಮುಗಿದ ಮೇಲೆ ಶ್ವಾಸಕೋಶದ್ದು. ಅಕ್ಕ ನಿಲ್ಲಿಸು ಎನ್ನಲಿಲ್ಲ. ತಂಗಿ ಹಾಳೆ ತಿರುಗಿಸಿ ಅದನ್ನೂ ಓದತೊಡಗಿದಳು.